ಖಾಲಿ ಪೆಟ್ಟಿಗೆ ಕಾಯುವ ಹುಡುಗಿ



ನನ್ನ ಮಗಳು ಎರಡನೇ ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ. ಊಟಕ್ಕೆ ಕೂಗಿದರೂ ಕೇಳಿಸದಷ್ಟು ಮುಳುಗಿ ಏನೋ ಓದುತ್ತಿರುತ್ತಾಳೆ. ಒಂದು ದಿನ ಹೋಗಿ ನೋಡಿದರೆ ಚಿತ್ರದ ಪುಸ್ತಕ! ಅದೂ ಜಪಾನಿನದು, ಇಂಗ್ಲಿಷಿಗೆ ತಂದದ್ದು. "ಇಷ್ಟು ಬೆಳೆದು ಕಾಮಿಕ್ಸ್ ಓದ್ತೀಯೇನೇ?" ಅಂದೆ. "ನೀನೂ ಓದಮ್ಮ, ಆಮೇಲೆ ಬೈಯಿ" ಅಂದಳು. ಆ ಪುಸ್ತಕವನ್ನು ಬಲದಿಂದ ಎಡಕ್ಕೆ, ಅಂದರೆ ನಮ್ಮ ಲೆಕ್ಕದಲ್ಲಿ ಹಿಂದಿನಿಂದ ಮುಂದಕ್ಕೆ ಓದಬೇಕು. ಮೊದಲ ದಿನ ನಾಲ್ಕು ಪುಟಕ್ಕೇ ತಲೆ ತಿರುಗಿತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಸಾಲದ ಕಡೆ ಅವಳೇ ಓದಿ ಹೇಳಿದಳು. ಹೀಗೆ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ದಿನವೂ ಕೂತು 23 ಪುಸ್ತಕ ಮುಗಿಸಿದೆವು.

ಹೆಸರು 'ಫ್ರೂಟ್ಸ್ ಬ್ಯಾಸ್ಕೆಟ್'. ಬರೆದು ಚಿತ್ರ ಹಾಕಿದವರು ನತ್ಸುಕಿ ತಕಾಯಾ. 1998ರಿಂದ 2006ರವರೆಗೆ 'ಹನಾ ಟು ಯುಮೆ' ಎಂಬ ಪತ್ರಿಕೆಯಲ್ಲಿ ಬಂತು. ಹೂವು ಮತ್ತು ಕನಸು ಎಂದರ್ಥ. ಅದೂ ನಮ್ಮ ಈ ಪತ್ರಿಕೆಯ ಹಾಗೆ ತಿಂಗಳಿಗೆ ಎರಡು ಸಲ ಬರುತ್ತಿದ್ದದ್ದು! ಓದುಗರು ಹುಡುಗಿಯರು.

ತಾಯಿಯನ್ನು ಅಪಘಾತದಲ್ಲಿ ಕಳೆದುಕೊಂಡ ತೋರು ಎಂಬ ಹುಡುಗಿ ಸೋಮ ಎಂಬ ದೊಡ್ಡ ಮನೆತನದ ಹುಡುಗರ ಆಶ್ರಯಕ್ಕೆ ಬರುತ್ತಾಳೆ. ಆ ಮನೆತನದ ಕೆಲವರಿಗೆ ಒಂದು ಶಾಪ. ಹುಡುಗರನ್ನು ಹುಡುಗಿ ತಬ್ಬಿದರೆ, ಹುಡುಗಿಯರನ್ನು ಹುಡುಗ ತಬ್ಬಿದರೆ ಇಲಿಯೋ, ಬೆಕ್ಕೋ, ಮೊಲವೋ ಆಗಿಬಿಡುತ್ತಾರೆ. ನಾನು ಮೊದಲು ನಕ್ಕೆ. ಆಮೇಲೆ ಹೊಳೆಯಿತು, ಇದು ತಬ್ಬಿಸಿಕೊಳ್ಳದೆ ಬೆಳೆದ ಮಕ್ಕಳ ಕಥೆ ಎಂದು. ಒಬ್ಬನ ತಾಯಿ ಅವನ ನೆನಪೇ ತನಗೆ ಬೇಡವೆಂದು ಅಳಿಸಿಕೊಂಡಿದ್ದಾಳೆ. ಇನ್ನೊಬ್ಬನನ್ನು ಚಿಕ್ಕಂದಿನಲ್ಲಿ ಕತ್ತಲೆ ಕೋಣೆಗೆ ಹಾಕಿ, ನೀನು ಯಾರಿಗೂ ಬೇಡದವನು ಎಂದು ಹೇಳಿ ಹೇಳಿ ನಂಬಿಸಿದ್ದಾರೆ.

ಹಾಗೆ ನಂಬಿಸಿದ್ದು ಆಕಿಟೋ, ಆ ಮನೆತನದ ಯಜಮಾನ. ಯಾರೂ ತನ್ನನ್ನು ಬಿಟ್ಟು ಹೋಗಬಾರದು, ಬೇರೆಯವರನ್ನು ಪ್ರೀತಿಸಬಾರದು. ಮದುವೆಯಾಗುತ್ತೇನೆಂದವನ ಕಣ್ಣಿಗೆ ಪೆಟ್ಟು, ಇನ್ನೊಬ್ಬಳನ್ನು ಕಿಟಕಿಯಿಂದ ಕೆಳಗೆ ನೂಕಿದ್ದು! ಓದುತ್ತಾ "ಇವನಿಗೆ ಕೈಕಾಲು ಮುರಿಯಬೇಕು" ಎಂದೆ. ಮಗಳು ಮುಸಿಮುಸಿ ನಕ್ಕಳು. ಯಾಕೆಂದರೆ ಅವನು ಅವನಲ್ಲ, ಅವಳು! ತಾಯಿಯ ಹಟಕ್ಕೆ ಗಂಡಿನ ವೇಷದಲ್ಲಿ ಬೆಳೆದ ಹುಡುಗಿ. ಗಂಡನ ಪ್ರೀತಿಯಲ್ಲಿ ಮಗಳು ಪಾಲಿಗೆ ಬಂದಳೆಂದು ಆ ತಾಯಿಗೆ ಹೊಟ್ಟೆಕಿಚ್ಚು. ತಂದೆ ರೋಗಿಷ್ಟ, ನೀನು ಎಲ್ಲರೂ ಪ್ರೀತಿಸಲೆಂದೇ ಹುಟ್ಟಿದವಳು ಎಂದು ನಂಬಿಸಿ ಬೇಗ ತೀರಿಕೊಂಡ. ನಿನ್ನಪ್ಪ ಇದರಲ್ಲಿದ್ದಾನೆ ಎಂದು ಮನೆಯ ಆಳು ಕೊಟ್ಟ ಪೆಟ್ಟಿಗೆಯೊಂದನ್ನು ಅವಳು ವರ್ಷಗಟ್ಟಲೆ ಕಾಪಾಡುತ್ತಾಳೆ. ಒಳಗೆ ಏನೂ ಇಲ್ಲ.

ನನಗೆ ಅಳು ಬಂತು. ಆದರೂ ಒಂದು ಮಾತು. ಅವಳ ಬಾಲ್ಯ ತಿಳಿಯಿತೆಂದು ಆ ಕಣ್ಣಿನ ಪೆಟ್ಟು ಇಲ್ಲವಾಗುತ್ತದೆಯೇ? ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಅದೇ. ಕೊನೆಗೆ ಅವಳು ಎಲ್ಲರನ್ನೂ ಬಿಟ್ಟುಕೊಡುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ, ಆದರೆ ಎಲ್ಲರೂ ಕ್ಷಮಿಸುವುದಿಲ್ಲ. ಕುರೆನೋ ಎಂಬವನ ಕಥೆಯನ್ನಂತೂ ನೀವು ಕೇಳಲೇಬೇಕು. ಅವನ ಶಾಪ ಎಲ್ಲರಿಗಿಂತ ಮೊದಲೇ ಕಳಚಿತ್ತು, ಹೊರಟುಹೋಗಬಹುದಿತ್ತು. ಬಿಟ್ಟು ಹೋಗಬೇಡ ಎಂದು ಅವಳು ಅತ್ತಳೆಂದು ಕರುಣೆಯಿಂದ ಉಳಿದ, ವರ್ಷಗಟ್ಟಲೆ. ಅದರಿಂದ ಅವಳು ಒಂದಿಷ್ಟಾದರೂ ಗುಣವಾದಳೇ? ಇಲ್ಲ. ಕೊನೆಗೆ ಅವನಿಗೇ ಚೂರಿ ಹಾಕಿದಳು. "ಪಾಪ, ಚಿಕ್ಕಂದಿನಲ್ಲಿ ಕಷ್ಟಪಟ್ಟವರು, ನಾನೂ ಬಿಟ್ಟರೆ ಹೇಗೆ" ಎಂದು ಏಟು ತಿಂದು ಕೂತ ಹೆಂಗಸರು ನಮ್ಮ ಬೀದಿಯಲ್ಲೂ ಇದ್ದಾರೆ. (ಅಂಥವರು 181ಕ್ಕೆ ಫೋನ್ ಮಾಡಬಹುದು, ಹಗಲು ರಾತ್ರಿ ಯಾವಾಗಲಾದರೂ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.)

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಮಗಳು ಪುಸ್ತಕ ಮಡಚುತ್ತಾ ಒಂದು ಮಾತು ಹೇಳಿಬಿಟ್ಟಳು. "ಅಮ್ಮ, ನೀನು ಸ್ವಲ್ಪ ಆಕಿಟೋ ಥರಾನೇ ಕಣೆ."

ನಾನು ಸಿಟ್ಟಾಗಿ ಎದ್ದು ಹೋದೆ. ಒಗ್ಗರಣೆ ಸೀದುಹೋಯಿತು.

ನನಗೆ ಏಳು ವರ್ಷವಿದ್ದಾಗ ಅಮ್ಮ "ಸಂತೆಗೆ ಹೋಗಿ ಬರ್ತೀನಿ" ಎಂದು ನನ್ನನ್ನು ಅಜ್ಜಿಮನೆಯಲ್ಲಿ ಬಿಟ್ಟು ಹೋದಳು. ಹೋದದ್ದು ಕ್ಷಯರೋಗದ ಆಸ್ಪತ್ರೆಗೆ. ಮಗು ಅಳಬಾರದೆಂದು ಯಾರೂ ನಿಜ ಹೇಳಲಿಲ್ಲ. ಹನ್ನೊಂದು ತಿಂಗಳು ಪ್ರತಿ ಮಂಗಳವಾರ, ಸಂತೆಯ ದಿನ, ನಾನು ಜಗಲಿಯ ಮೇಲೆ ಕೂತಿರುತ್ತಿದ್ದೆ. ಅಮ್ಮ ಗುಣವಾಗಿ ಬಂದಳು, ಇವತ್ತಿಗೂ ಚೆನ್ನಾಗಿದ್ದಾಳೆ. ನಾನು ಮಾತ್ರ ಜಗಲಿಯಿಂದ ಪೂರ್ತಿ ಎದ್ದಿಲ್ಲ ಅಂತ ಕಾಣುತ್ತದೆ. ಯಜಮಾನರು ಅರ್ಧ ಗಂಟೆ ತಡವಾದರೆ ಅಂಗಡಿಗೆ ಫೋನ್. ಮಗಳು ಟ್ಯೂಷನ್ನಿಗೆ ಹೋದರೆ ತಲುಪಿದಾಗೊಂದು, ಹೊರಟಾಗೊಂದು, ನಡುವೆ ಸುಮ್ಮನೆ ಒಂದು. ಕಳೆದ ವರ್ಷ ಗೆಳತಿಯರ ಜತೆ ಹಂಪಿಗೆ ಹೊರಟವಳನ್ನು ಎದೆನೋವು ಎಂದು ನಿಲ್ಲಿಸಿದೆ. ನೋವು ಇರಲಿಲ್ಲ. ಇದನ್ನು ಅವಳಿಗೆ ಮೊನ್ನೆ ಹೇಳಿದೆ. "ನನಗೆ ಆಗಲೇ ಗೊತ್ತಿತ್ತಮ್ಮ" ಅಂದಳು.

ಮುಂದಿನ ತಿಂಗಳು ಮೈಸೂರಿನ ಹಾಸ್ಟೆಲಿಗೆ ಹೋಗುತ್ತಾಳೆ. ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಕಟ್ಟಿಟ್ಟಿದ್ದೇನೆ. ಭಾನುವಾರ ಸಂಜೆ ತಾನೇ ಫೋನ್ ಮಾಡುತ್ತಾಳಂತೆ, ನಾನು ಮಾಡಕೂಡದಂತೆ. ಬುಧವಾರವೂ ಒಂದು ಸಲ ಆಗಬಹುದಾ ಎಂದು ಕೇಳಿದ್ದೇನೆ. ಯೋಚಿಸಿ ಹೇಳ್ತೀನಿ ಅಂದಿದ್ದಾಳೆ.