ಪ್ರವಾಸದ ಮಾಹಿತಿಗೆ ಹೊಣೆ ಯಾರು?

2022ರ ನವೆಂಬರ್‌ನಲ್ಲಿ ದುಬೈಗೆ ಹೊರಟಿದ್ದ ದಕ್ಷಿಣ ಭಾರತದ ಅನೇಕರಿಗೆ ತಮ್ಮ ಹೆಸರೇ ತೊಡಕಾಯಿತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ‘ಸರ್‌ನೇಮ್’ ಜಾಗ ಖಾಲಿ ಇದ್ದರೆ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಯುಎಇ ಹೇಳಿತು. ಕೆಲವೇ ದಿನಗಳಲ್ಲಿ, ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ನಿಯಮ ಸಡಿಲವೂ ಆಯಿತು. ಮನೆತನದ ಹೆಸರಿನ ರೂಢಿಯೇ ಇಲ್ಲದೆ, ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರಗಳಲ್ಲೇ ಬದುಕು ಸಾಗಿಸುವ ಹಳೇ ಮೈಸೂರು ಕಡೆಯವರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಸುದ್ದಿ ಬಂದ ದಿನವೇ ಗ್ರಾಹಕರ ಪಾಸ್‌ಪೋರ್ಟ್ ಪ್ರತಿಗಳನ್ನು ಮತ್ತೆ ತೆಗೆದು ನೋಡಿ ಫೋನ್ ಮಾಡಿ ಎಚ್ಚರಿಸುವ ಟ್ರಾವೆಲ್ ಏಜೆಂಟರೂ ಇರುತ್ತಾರೆ, ಏರ್‌ಪೋರ್ಟ್‌ನಲ್ಲಿ ಹೇಗೂ ತಿಳಿಯುತ್ತದಲ್ಲ ಎಂದು ಸುಮ್ಮನಿರುವವರೂ ಇರುತ್ತಾರೆ. ಇಬ್ಬರೂ ಮಾರುವುದು ಅದೇ ನಾಲ್ಕು ರಾತ್ರಿ, ಐದು ಹಗಲಿನ ಪ್ಯಾಕೇಜ್. ಅದೇ ಮರಳುಗಾಡಿನ ಸಫಾರಿ, ಅದೇ ಬುರ್ಜ್ ಖಲೀಫಾ. ಬೆಲೆಯೂ ಹೆಚ್ಚುಕಡಿಮೆ ಅಷ್ಟೇ.

ಟಿಕೆಟನ್ನೂ ಹೋಟೆಲ್ ರೂಮನ್ನೂ ಮೊಬೈಲಿನಲ್ಲೇ ಕಾದಿರಿಸಬಹುದಾದ ಈ ಕಾಲದಲ್ಲಿ ಏಜೆಂಟರ ಬಳಿ ಉಳಿದಿರುವ ನಿಜವಾದ ಸರಕೆಂದರೆ ಅಂಥದೊಂದು ಫೋನ್ ಕರೆ. 2008ರ ಹೊತ್ತಿಗೆ ಭಾರತದ ಪ್ರಮುಖ ವಿಮಾನಯಾನ ಕಂಪನಿಗಳು ಟಿಕೆಟ್ ಮೇಲಿನ ಕಮಿಷನ್ ನಿಲ್ಲಿಸಲು ಮುಂದಾದಾಗ ಈ ವಲಯದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಆ ಆದಾಯ ಕರಗಿದ ಮೇಲೆ ಅದರ ಜಾಗಕ್ಕೆ ಸಲಹೆಯ ಶುಲ್ಕ ಬರಬೇಕಿತ್ತು. ಬರಲಿಲ್ಲ. ಪ್ಯಾಕೇಜ್‌ನ ಮಾರ್ಜಿನ್, ವಿಮೆಯ ಕಮಿಷನ್, ವಿದೇಶಿ ಹಣದ ವಿನಿಮಯದಲ್ಲಿ ಉಳಿಯುವ ಚೂರುಪಾರು, ಇವುಗಳ ಮೇಲೆ ವ್ಯಾಪಾರ ನಿಂತಿತು. ಮಾಹಿತಿ ಮಾತ್ರ ತರಕಾರಿಯ ಜೊತೆ ಹಾಕುವ ಕೊಸರಿನ ಹಾಗೆ ಬಿಟ್ಟಿಯಾಗಿಯೇ ಉಳಿಯಿತು. ಬಿಟ್ಟಿ ಬಂದದ್ದು ಕೊಳೆತಿದೆಯೋ ಚೆನ್ನಾಗಿದೆಯೋ ಎಂದು ಕೊಡುವವರೂ ನೋಡುವುದಿಲ್ಲ, ತೆಗೆದುಕೊಳ್ಳುವವರೂ ಕೇಳುವುದಿಲ್ಲ. ವಿದೇಶ ಪ್ರವಾಸದ ತಕರಾರುಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿದೆ ಎಂಬುದು ನನ್ನ ಅನಿಸಿಕೆ.

ಏಜೆಂಟರಿಗೆ ಈ ಮಾಹಿತಿ ಬರುವುದು ಎಲ್ಲಿಂದ? ಎಲ್ಲಕ್ಕಿಂತ ಗಟ್ಟಿಯಾದ ಮೂಲದ ಪರಿಚಯ ಗ್ರಾಹಕರಿಗೆ ಇರುವುದೇ ಅಪರೂಪ. ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ನಡೆಸುವ ‘ಟಿಮ್ಯಾಟಿಕ್’ ಎಂಬ ದತ್ತಾಂಶ ಸಂಗ್ರಹವಿದೆ. ಯಾವ ದೇಶದ ಪಾಸ್‌ಪೋರ್ಟ್ ಇರುವವರು, ಯಾವ ಊರಿನ ಮೂಲಕ, ಎಲ್ಲಿಗೆ ಹೋಗಲು ಏನೇನು ಕಾಗದ ಬೇಕು ಎಂಬುದು ಅದರಲ್ಲಿರುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದ ಚೆಕ್–ಇನ್ ಕೌಂಟರ್‌ನಲ್ಲಿ ನಿಮ್ಮನ್ನು ವಿಮಾನ ಹತ್ತಿಸಬೇಕೋ ಬೇಡವೋ ಎಂದು ಸಿಬ್ಬಂದಿ ತೀರ್ಮಾನಿಸುವುದು ಬಹುತೇಕ ಇದನ್ನು ನೋಡಿಯೇ. ಕಾಗದ ಸರಿಯಿಲ್ಲದವರನ್ನು ಕರೆದೊಯ್ದರೆ ವಾಪಸ್ ಕರೆತರುವ ಹೊಣೆ, ಎಷ್ಟೋ ದೇಶಗಳಲ್ಲಿ ದಂಡವೂ ಕಂಪನಿಯ ತಲೆಗೇ ಬರುವುದರಿಂದ ಅವರು ಅನುಮಾನದ ಲಾಭವನ್ನು ಪ್ರಯಾಣಿಕರಿಗೆ ಕೊಡುವುದಿಲ್ಲ. ಅಮೆಡಿಯಸ್, ಸೇಬರ್, ಗೆಲಿಲಿಯೊದಂಥ ಟಿಕೆಟ್ ವ್ಯವಸ್ಥೆ ಇಟ್ಟುಕೊಂಡಿರುವ ಏಜೆಂಟರೂ ಇದನ್ನು ತೆರೆದು ನೋಡಬಹುದು. ಲಂಡನ್ ಮೇಲೆ ಹಾದುಹೋಗುವ ಅಗ್ಗದ ಟಿಕೆಟ್ ಹಿಡಿದ ಭಾರತೀಯರಿಗೆ, ಅಮೆರಿಕದಂಥ ದೇಶದ ವೀಸಾ ಕೈಯಲ್ಲಿಲ್ಲದಿದ್ದರೆ, ವಿಮಾನ ಬದಲಿಸಲಿಕ್ಕೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಎರಡು ನಿಮಿಷ ನೋಡಿದ್ದರೆ ತಿಳಿಯುತ್ತಿದ್ದ ಇದು ಗೊತ್ತಾಗುವುದು ಎಷ್ಟೋ ಸಲ ಕೌಂಟರಿನ ಮುಂದೆ. ತಾಲ್ಲೂಕು ಕೇಂದ್ರದ ಸಬ್ ಏಜೆಂಟ್ ಬಳಿ ಆ ವ್ಯವಸ್ಥೆಯೂ ಇರುವುದಿಲ್ಲ. ದೊಡ್ಡ ಏಜೆನ್ಸಿಯ ಪೋರ್ಟಲ್‌ನಲ್ಲಿ ಬೆಲೆ ನೋಡಿ ಮಾರುವುದಷ್ಟೇ ಅವರ ಕೆಲಸ.

ಎರಡನೆಯ ಮೂಲ, ಪ್ರವಾಸಿಗರು ಬರಲಿ ಎಂದು ಬಯಸುವವರದ್ದು. ದೇಶ ದೇಶಗಳ ಪ್ರವಾಸೋದ್ಯಮ ಮಂಡಳಿಗಳು ಬೆಂಗಳೂರಿನ ಹೋಟೆಲುಗಳಲ್ಲಿ ರೋಡ್‌ಷೋ ನಡೆಸುತ್ತವೆ, ಆನ್‌ಲೈನ್ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತವೆ. ಆಸ್ಟ್ರೇಲಿಯಾದ ‘ಆಸಿ ಸ್ಪೆಷಲಿಸ್ಟ್’ ಕಾರ್ಯಕ್ರಮ ಈ ಪೈಕಿ ಹೆಸರುವಾಸಿ. ಆಯ್ದ ಏಜೆಂಟರನ್ನು ‘ಫ್ಯಾಮ್ ಟ್ರಿಪ್’ ಹೆಸರಿನಲ್ಲಿ ಉಚಿತವಾಗಿ ಕರೆದೊಯ್ಯುವುದೂ ಉಂಟು. ಇದನ್ನು ಲಂಚ ಎಂದು ತಳ್ಳಿಹಾಕುವುದು ತಪ್ಪು. ಕಣ್ಣಾರೆ ಕಂಡವರ ಮಾತಿಗೆ ತೂಕ ಇದ್ದೇ ಇರುತ್ತದೆ. ಆದರೆ ಆ ಪ್ರವಾಸದಲ್ಲಿ ಒಳ್ಳೆಯ ರೂಮು, ಒಳ್ಳೆಯ ಗೈಡು, ಬಾಗಿಲಿಗೇ ಬಂದು ನಿಲ್ಲುವ ಬಸ್ಸು ಸಿಗುತ್ತವೆ. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ವೆನಿಸ್‌ಗೆ ಹೋದರೆ ಸೂಟ್‌ಕೇಸ್ ಹೊತ್ತು ಎಷ್ಟು ಸೇತುವೆಗಳ ಮೆಟ್ಟಿಲು ಹತ್ತಿಳಿಯಬೇಕು ಎಂಬುದು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ವಿಟ್ಜರ್‌ಲೆಂಡ್‌ನ ಯುಂಗ್‌ಫ್ರಾಯೋಕ್ ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. ಮೋಡ ಕವಿದರೆ ದುಬಾರಿ ರೈಲು ಟಿಕೆಟ್‌ಗೆ ಕಾಣಸಿಗುವುದು ಬರೀ ಬಿಳುಪು. ಅಲ್ಲಿನ ನೇರ ಕ್ಯಾಮೆರಾ ದೃಶ್ಯವನ್ನು ಯಾರು ಬೇಕಾದರೂ ಬೆಳಿಗ್ಗೆ ನೋಡಬಹುದು. ಅದನ್ನು ನೋಡಿ ‘ಇವತ್ತು ಬೇಡ, ನಾಳೆ ಹೋಗಿ’ ಎನ್ನುವ ಏಜೆಂಟ್, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದಂಥವರು. ಗುಂಪು ಪ್ರವಾಸದ ವೇಳಾಪಟ್ಟಿ ಮಾತ್ರ ಆರು ತಿಂಗಳ ಹಿಂದೆಯೇ ಗಟ್ಟಿಯಾಗಿರುತ್ತದೆ.

ಮೂರನೆಯದು ಆಯಾ ದೇಶದಲ್ಲಿ ಬಸ್ಸು, ಹೋಟೆಲು, ಊಟ ಎಲ್ಲವನ್ನೂ ಹೊಂದಿಸಿಕೊಡುವ ಸ್ಥಳೀಯ ಕಂಪನಿ. ಈ ವ್ಯಾಪಾರದವರ ಬಾಯಲ್ಲಿ ‘ಡಿಎಂಸಿ’. ನಿಮ್ಮ ಕೈಗೆ ಬರುವ ಇಟಿನೆರರಿಯ ಬಹುಪಾಲು ಅವರು ಕಳಿಸಿದ್ದೇ. ಪಟ್ಟಾಯದ ಪ್ರವಾಸದಲ್ಲಿ ರತ್ನಾಭರಣದ ಮಳಿಗೆಗೆ ಒಂದು ಭೇಟಿ ತಪ್ಪದೆ ಇರುವುದು ಪ್ರವಾಸಿಗರ ರತ್ನಪ್ರೇಮದಿಂದ ಅಲ್ಲ. ‘ಫೋಟೊ ಸ್ಟಾಪ್’ ಎಂದಿದ್ದರೆ ಒಳಗೆ ಹೋಗುವ ಟಿಕೆಟ್ ಇಲ್ಲ. ‘ತ್ರೀ ಸ್ಟಾರ್ ಅಥವಾ ತತ್ಸಮಾನ’ ಎಂದಿದ್ದರೆ ಹೋಟೆಲ್ ಇನ್ನೂ ಗೊತ್ತಾಗಿಲ್ಲ ಅಥವಾ ಹೇಳಲು ಇಷ್ಟವಿಲ್ಲ.

ಹೇಳಲು ಇಷ್ಟವಿಲ್ಲದಿರುವುದಕ್ಕೆ ಗ್ರಾಹಕರ ಪಾಲೂ ಇದೆ. ಒಬ್ಬರಿಂದ ಎರಡು ಗಂಟೆ ಕೂತು ಮಾತಾಡಿಸಿ ಪೂರ್ತಿ ಇಟಿನೆರರಿ ಬರೆಸಿಕೊಂಡು, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿ ‘ಇದಕ್ಕೆ ನಿಮ್ಮ ರೇಟೆಷ್ಟು ಸಾರ್?’ ಎನ್ನುವವರು ನಾವೇ ತಾನೆ. ಮೊದಲನೆಯವರ ಶ್ರಮ ನೀರುಪಾಲು. ಮುಂದಿನ ಸಲ ಅವರು ಹೋಟೆಲ್ ಹೆಸರನ್ನೂ ಹೇಳುವುದಿಲ್ಲ, ಊರಿನ ಕಷ್ಟಸುಖವನ್ನೂ ಹೇಳುವುದಿಲ್ಲ.

ಇನ್ನುಳಿದದ್ದು ಫಾರ್ವರ್ಡ್. ಏಜೆಂಟರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಭಾರತೀಯರಿಗೆ ವೀಸಾ ಬೇಡದ ದೇಶಗಳು’ ಎಂಬ ಪೋಸ್ಟರುಗಳಿಗೆ ಬರವಿಲ್ಲ. ಅಂಥದಕ್ಕೆ ಆಯಸ್ಸು ಎಷ್ಟು ಎನ್ನುವುದಕ್ಕೆ ಥಾಯ್ಲೆಂಡ್ ಒಂದನ್ನೇ ನೋಡಿ. ಮೊದಲು 2,000 ಬಾತ್ ಕೊಟ್ಟು ಇಳಿದ ಮೇಲೆ ವೀಸಾ ಪಡೆಯುವ ಕ್ರಮವಿತ್ತು. 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಸಿಕ್ಕಿತು. 2024ರ ಜುಲೈ 15ರಿಂದ ಉಳಿಯುವ ಅವಧಿ 60 ದಿನಕ್ಕೇರಿತು. 2025ರ ಮೇ 1ರಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಆಗಮನ ಪತ್ರ ತುಂಬುವುದು ಕಡ್ಡಾಯವಾಯಿತು. ಈ ಪತ್ರಕ್ಕೆ ಶುಲ್ಕವಿಲ್ಲ. ಅದರ ಹೆಸರಿನಲ್ಲಿ ದುಡ್ಡು ಕೀಳುವ ನಕಲಿ ತಾಣಗಳು ಮಾತ್ರ ತಕ್ಷಣ ಹುಟ್ಟಿಕೊಂಡವು. ಎರಡು ವರ್ಷದೊಳಗೆ ಮೂರು ಸಲ ಬದಲಾದ ಸಂಗತಿಯನ್ನು ದಿನಾಂಕವಿಲ್ಲದ ಪೋಸ್ಟರಿನಲ್ಲಿ ಹಂಚಿದರೆ ಅದು ಮಾಹಿತಿಯಾಗುವುದಿಲ್ಲ. ಯುರೋಪಿನ ‘ಎಟಿಯಾಸ್’ ಅನುಮತಿಯ ಬಗ್ಗೆ ಗಾಬರಿ ಹುಟ್ಟಿಸುವ ಸಂದೇಶಗಳೂ ಹೀಗೆಯೇ. ಅದು ವೀಸಾ ಬೇಕಿಲ್ಲದ ದೇಶಗಳವರಿಗೆ. ಷೆಂಗೆನ್ ವೀಸಾ ಪಡೆದೇ ಹೋಗಬೇಕಾದ ನಮಗೆ ಅದರ ಗೊಡವೆಯೇ ಇಲ್ಲ.

ಷೆಂಗೆನ್ ವಿಷಯದಲ್ಲಿ ಮಾಹಿತಿ ಹಳತಾಗುವುದಕ್ಕಿಂತ ಅದನ್ನು ಬಚ್ಚಿಡುವುದೇ ಹೆಚ್ಚಿನ ಅಪಾಯ. ಹೆಚ್ಚು ದಿನ ಉಳಿಯುವ ದೇಶದ ಕಾನ್ಸುಲೇಟ್‌ಗೇ ಅರ್ಜಿ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬೇಸಿಗೆ ರಜೆಯ ಹೊತ್ತಿಗೆ ಸ್ವಿಸ್ ಅಥವಾ ಫ್ರೆಂಚ್ ಅಪಾಯಿಂಟ್‌ಮೆಂಟ್ ಸಿಗದಿದ್ದಾಗ, ಯಾವ ದೇಶದ ಸ್ಲಾಟ್ ಖಾಲಿ ಇದೆಯೋ ಅಲ್ಲಿಗೆ, ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ ಅರ್ಜಿ ಹಾಕಿಸುವವರಿದ್ದಾರೆ. ತಿರಸ್ಕೃತವಾದರೆ 90 ಯೂರೊ ಶುಲ್ಕ ಹೋಯಿತು ಎಂದಷ್ಟೇ ಗ್ರಾಹಕರು ತಿಳಿಯುತ್ತಾರೆ. ಆ ತಿರಸ್ಕಾರ ಷೆಂಗೆನ್ ದೇಶಗಳೆಲ್ಲ ನೋಡುವ ವೀಸಾ ದಾಖಲೆಯಲ್ಲಿ ಐದು ವರ್ಷದವರೆಗೆ ಉಳಿಯಬಹುದು ಎಂಬುದನ್ನು ಅವರಿಗೆ ಹೇಳಿರುವುದಿಲ್ಲ.

ಸಣ್ಣ ಸಂಗತಿಗಳಲ್ಲೂ ಇದೇ ಕತೆ. ಅಡುಗೆಯವರನ್ನು ಜೊತೆಗೇ ಕರೆದೊಯ್ದು ಅನ್ನ, ಸಾರು ಬಡಿಸುವ ಗುಂಪು ಪ್ರವಾಸಗಳು ಬೆಂಗಳೂರಿನಿಂದ ಹೊರಡುತ್ತವೆ. ಆ ಊಟದ ಜಾಹೀರಾತು ದೊಡ್ಡದಾಗಿಯೇ ಇರುತ್ತದೆ. ಯುಎಇಗೆ ಗಸಗಸೆ ಒಯ್ಯುವಂತಿಲ್ಲ, ಅಲ್ಲಿ ಅದನ್ನು ಮಾದಕ ಪದಾರ್ಥಗಳ ಸಾಲಿನಲ್ಲಿ ನೋಡುತ್ತಾರೆ ಎಂಬ ಸಾಲು ಎಷ್ಟು ಕರಪತ್ರಗಳಲ್ಲಿರುತ್ತದೆ? ಕೋಡೀನ್ ಇರುವ ಕೆಮ್ಮಿನ ಔಷಧಕ್ಕೂ ಅಲ್ಲಿ ಮೊದಲೇ ಅನುಮತಿ ಬೇಕು. ಆಸ್ಟ್ರೇಲಿಯಾದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯನ್ನು ಘೋಷಿಸದೆ ಇಳಿದರೆ ದಂಡ ಕಟ್ಟಬೇಕಾದೀತು. ಕೆನ್ಯಾದ ಸಫಾರಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರ ಇಲ್ಲದೆ ಮರಳಿದರೆ ನಮ್ಮದೇ ದೇಶದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಸ.

ಇದನ್ನೆಲ್ಲ ಎಐ ಹೇಳುತ್ತದಲ್ಲ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಎಷ್ಟೋ ಏಜೆಂಟರೂ ಅದರಿಂದಲೇ ಇಟಿನೆರರಿ ಬರೆಸುತ್ತಿದ್ದಾರೆ. 2023ರಲ್ಲಿ ಮೈಕ್ರೊಸಾಫ್ಟ್ ಅಲ್ಗಾರಿದಮ್ ನೆರವಿನಿಂದ ಸಿದ್ಧಪಡಿಸಿ ಪ್ರಕಟಿಸಿದ ಒಟ್ಟಾವಾ ನಗರದ ಪ್ರವಾಸ ಲೇಖನವೊಂದು, ಬಡವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕ್ ಅನ್ನು ನೋಡಲೇಬೇಕಾದ ತಾಣಗಳ ಪಟ್ಟಿಗೆ ಸೇರಿಸಿ, ಖಾಲಿ ಹೊಟ್ಟೆಯಲ್ಲಿ ಹೋಗುವಂತೆ ಸಲಹೆ ಕೊಟ್ಟಿತ್ತು. ನಗುವ ವಿಷಯ ಇದು. 2024ರ ಫೆಬ್ರುವರಿಯ ಇನ್ನೊಂದು ಪ್ರಕರಣ ಹೆಚ್ಚು ಉಪಯುಕ್ತ. ಏರ್ ಕೆನಡಾದ ಚಾಟ್‌ಬಾಟ್, ಬಂಧುಗಳ ಸಾವಿನ ಸಂದರ್ಭದ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಹೇಳಿತ್ತು. ಚಾಟ್‌ಬಾಟ್ ಮಾತಿಗೆ ತಾನು ಹೊಣೆಯಲ್ಲ ಎಂಬ ಧಾಟಿಯ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪದೆ ಪರಿಹಾರ ಕೊಡಿಸಿತು. ಯಂತ್ರ ಹೇಳಿತೋ, ಡಿಎಂಸಿ ಹೇಳಿತೋ, ವಾಟ್ಸ್‌ಆ್ಯಪ್ ಹೇಳಿತೋ, ಗ್ರಾಹಕರಿಗೆ ದಾಟಿಸಿದವರೇ ಹೊಣೆ ಎಂಬ ಈ ನಿಲುವು ನಮಗೂ ಹೊಂದುತ್ತದೆ.

ನಮ್ಮ ಕಾನೂನಿನಲ್ಲಿ ಇದಕ್ಕೆ ನೆಲೆ ಇಲ್ಲದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯು ಅಗತ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಸೇವಾ ನ್ಯೂನತೆ ಎಂದೇ ಪರಿಗಣಿಸುತ್ತದೆ. ಬಿಲ್ಲಿನ ಕೆಳಗೆ ‘ವೀಸಾ ನಿಯಮಗಳನ್ನು ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ’ ಎಂದು ಇರುವೆಯಷ್ಟು ಅಕ್ಷರದಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳುವವರು ಕಾಯ್ದೆಯ ಆ ಸಾಲನ್ನು ಓದಬೇಕು. ಯುರೋಪ್ ಇನ್ನೂ ಮುಂದೆ ಹೋಗಿದೆ. 2018ರ ಜುಲೈನಿಂದ ಜಾರಿಯಲ್ಲಿರುವ ಪ್ಯಾಕೇಜ್ ಪ್ರವಾಸದ ನಿರ್ದೇಶನದ ಪ್ರಕಾರ, ಗ್ರಾಹಕರು ಒಪ್ಪಂದಕ್ಕೆ ಬದ್ಧರಾಗುವ ಮೊದಲೇ ಪಾಸ್‌ಪೋರ್ಟ್, ವೀಸಾ ಅಗತ್ಯವೇನು, ವೀಸಾ ಸಿಗಲು ಅಂದಾಜು ಎಷ್ಟು ಕಾಲ ಬೇಕು, ನಡೆದಾಡಲು ಕಷ್ಟಪಡುವವರಿಗೆ ಈ ಪ್ರವಾಸ ಒಗ್ಗುತ್ತದೆಯೇ ಎಂಬುದನ್ನು ಹೇಳಬೇಕು. ನಮ್ಮಲ್ಲಿ ಮೊದಲು ಅಡ್ವಾನ್ಸ್, ಆಮೇಲೆ ವಿವರ.

ರಾತ್ರೋರಾತ್ರಿ ನಿಯಮ ಬದಲಿಸುವ ಸರ್ಕಾರಗಳ ಪರವಾಗಿ ನಾವು ಜವಾಬು ಕೊಡಬೇಕೇ ಎಂದು ಏಜೆಂಟರು ಕೇಳುವುದರಲ್ಲಿ ನ್ಯಾಯವಿದೆ. ಅವರಿಂದ ಭವಿಷ್ಯವಾಣಿಯನ್ನು ಯಾರೂ ಕೇಳುತ್ತಿಲ್ಲ. ಯಾವ ಮೂಲದಲ್ಲಿ, ಯಾವ ದಿನ ನೋಡಿ ಹೇಳಿದ್ದು ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿ ಕೊಟ್ಟರೆ ಸಾಕು. ಪ್ಯಾಕೇಜ್ ಕೊಂಡರೂ ಕೊಳ್ಳದಿದ್ದರೂ ಆ ಪುಟಕ್ಕೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳಲಿ. ಲೆಕ್ಕಪರಿಶೋಧಕರಿಗೆ, ವಕೀಲರಿಗೆ ಕೊಡುವ ನಾವು ಇದಕ್ಕೂ ಕೊಡಲು ಕಲಿಯಬೇಕು. ಗಲ್ಫ್‌ಗೆ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಅದೇ ಗಲ್ಫ್‌ಗೆ ಪ್ರವಾಸ ಕಳಿಸುವವರಿಗೆ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಪಡೆಯುವುದು ಅವರವರ ಇಚ್ಛೆ. ಆ ಮಾನ್ಯತೆಯ ಷರತ್ತುಗಳಿಗೆ ದಿನಾಂಕ ಮತ್ತು ಸಹಿ ಇರುವ ಈ ಒಂದು ಪುಟವನ್ನು ಸೇರಿಸಲು ಸಂಸತ್ತಿನವರೆಗೆ ಹೋಗಬೇಕಾಗಿಲ್ಲ. ಸಚಿವಾಲಯದ ಒಂದು ಸುತ್ತೋಲೆಯೇ ಸಾಕು.