ಮುತ್ಯಾನ ರೇಡಿಯೋ ಗೊರಗೊರ ಎನ್ನುವುದೇಕೆ?

ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೇಸಿಗೆ ರಜೆಯ ಒಂದು ಸಂಜೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಗೋಡೆಯ ಮಾಡದಲ್ಲಿದ್ದ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ, ಧೂಳು ಒರೆಸಿ, ಹೊಸ ಸೆಲ್ಲು ಹಾಕಿ ಮುಳ್ಳು ತಿರುಗಿಸುತ್ತಾನೆ. ಎಲ್ಲೋ ಒಂದು ಕನ್ನಡದ ದನಿ ಕೇಳಿದಂತಾಗುತ್ತದೆ, ಅದರ ಮೇಲೆ ಗೊರಗೊರ ಸದ್ದು ಸವಾರಿ ಮಾಡುತ್ತದೆ.

“ಮುತ್ಯಾ, ಇದು ಕೆಟ್ಟದೇನು? ಬರೀ ಗೊರಗೊರ ಅಂತದ.”

“ಕೆಟ್ಟಿಲ್ಲ ತಮ್ಮಾ. ಆ ಲೈಟ್ ಆರಿಸು, ಆಮ್ಯಾಲೆ ಕೇಳು.”

ಎಲ್‌ಇಡಿ ದೀಪ ಆರಿಸಿದೊಡನೆ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಗೋಡೆಗೆ ಸಿಕ್ಕಿಸಿದ್ದ ಮೊಬೈಲ್ ಚಾರ್ಜರ್ ಕಿತ್ತರೆ ಇನ್ನಷ್ಟು ಇಳಿಯುತ್ತದೆ. ಆದರೂ ನಡುನಡುವೆ ‘ಚರ್‌’ ಎನ್ನುವುದು ನಿಲ್ಲುವುದಿಲ್ಲ. “ಎಲ್ಲೋ ಸಿಡಿಲು ಹೊಡ್ಯಾಕತ್ತಾವ. ಹೊರಗ ಹೋಗಿ ಮೋಡ ನೋಡಿ ಬಾ” ಎನ್ನುತ್ತಾನೆ ಮುತ್ಯಾ. ಮುತ್ಯಾ ಭೌತವಿಜ್ಞಾನ ಓದಿದವನಲ್ಲ. ಆದರೆ ಅವನು ಹೇಳಿದ ಎರಡು ಮಾತೂ ಭೌತವಿಜ್ಞಾನವೇ.

ಈ ರೇಡಿಯೋ ‘ಎ.ಎಂ.’ ಪದ್ಧತಿಯದು. ಮಾತು, ಹಾಡು ತಾವಾಗಿ ದೂರ ಹೋಗಲಾರವು. ಅವನ್ನು ಒಂದು ರೇಡಿಯೋ ತೆರೆಯ ಬೆನ್ನೇರಿಸಿ ಕಳಿಸಬೇಕು. ಆ ತೆರೆಗೆ ವಾಹಕ ತರಂಗ ಎಂದು ಹೆಸರು. ಎ.ಎಂ. ಪದ್ಧತಿಯಲ್ಲಿ ದನಿಯ ಏರಿಳಿತಕ್ಕೆ ತಕ್ಕಂತೆ ವಾಹಕ ತರಂಗದ ಎತ್ತರ, ಅಂದರೆ ಪಠ್ಯಪುಸ್ತಕದ ಭಾಷೆಯಲ್ಲಿ ಪಾರ, ಹೆಚ್ಚುಕಡಿಮೆಯಾಗುತ್ತದೆ. ರೇಡಿಯೋ ಪೆಟ್ಟಿಗೆಯು ಆ ಎತ್ತರದ ಏರಿಳಿತವನ್ನಷ್ಟೇ ಓದಿ ಮತ್ತೆ ದನಿ ಮಾಡುತ್ತದೆ. ಸಿಡಿಲು ಕೂಡ ರೇಡಿಯೋ ತೆರೆ ಎಬ್ಬಿಸುತ್ತದೆ. ಎಲ್‌ಇಡಿ ದೀಪ, ಚಾರ್ಜರ್‌ಗಳ ಒಳಗಿನ ಮಂಡಲಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುವಾಗಲೂ ಸಣ್ಣ ತೆರೆಗಳು ಏಳುತ್ತವೆ. ಇವೆಲ್ಲ ಬಂದು ಸೇರುವುದು ತೆರೆಯ ಎತ್ತರಕ್ಕೇ. ಯಾವುದು ಮಾತು, ಯಾವುದು ಸಿಡಿಲು ಎಂದು ಪಾಪ, ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಎರಡನ್ನೂ ಕೇಳಿಸಿಬಿಡುತ್ತದೆ.

ಇಷ್ಟು ದೋಷವಿದ್ದರೂ ಈ ಪದ್ಧತಿ ಮುಕ್ಕಾಲು ಶತಮಾನ ಈ ಭಾಗವನ್ನು ಆಳಿತು. ಕಾರಣ ಅದರ ಓಟ. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಅದರ ಮಧ್ಯಮ ತರಂಗದ ಸಂಖ್ಯೆ 765 ಕಿಲೋಹರ್ಟ್ಸ್; ನಂತರದ ವರ್ಷಗಳಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿ 200 ಕಿಲೋವ್ಯಾಟ್ ಆಯಿತು. ಕಲಬುರ್ಗಿ ಕೇಂದ್ರ 1966ರಲ್ಲಿ ಬಂತು, ಅದರ ಸಂಖ್ಯೆ 1107. ಭೂಪಟದ ಮೇಲೆ ಸ್ಕೇಲು ಇಟ್ಟು ಅಳೆದರೆ ಧಾರವಾಡದಿಂದ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು 150ರಿಂದ 160 ಕಿಲೋಮೀಟರ್ ದೂರ. ಸಿಂದಗಿ, ಇಂಡಿಗಳು 200 ಕಿಲೋಮೀಟರ್ ದಾಟುತ್ತವೆ. ಅಲ್ಲಿಂದ ಇಲ್ಲಿಗೆ ದನಿ ಬರುವುದು ಹೇಗೆ?

ಒಂದು ಸಣ್ಣ ಲೆಕ್ಕ ಮಾಡಿ. ರೇಡಿಯೋ ತೆರೆಯ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್. ಅದನ್ನು 765 ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಒಂದು ತೆರೆಯ ಉದ್ದ ಸುಮಾರು 392 ಮೀಟರ್. ಇಷ್ಟು ಉದ್ದದ ತೆರೆ ನೆಲಕ್ಕೆ ಅಂಟಿಕೊಂಡು, ಭೂಮಿ ಬಾಗಿದಂತೆ ತಾನೂ ಬಾಗಿ ಸಾಗುತ್ತದೆ. ಗುಡ್ಡ, ಮನೆ ಅದಕ್ಕೆ ದೊಡ್ಡ ಅಡ್ಡಿಯಲ್ಲ. ತೇವವುಳ್ಳ ಎರೆನೆಲ ಒಣ ಕಲ್ಲುನೆಲಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುವುದರಿಂದ ತೆರೆಗೆ ಒಳ್ಳೆಯ ದಾರಿ. ಜೋಳ ಬೆಳೆಯುವ ಡೋಣಿ ದಂಡೆಯ ಕರಿಮಣ್ಣು ರೇಡಿಯೋ ತೆರೆಗೂ ಒಳ್ಳೆಯದೇ!

ರಾತ್ರಿ ಇನ್ನೊಂದು ದಾರಿ ತೆರೆಯುತ್ತದೆ. ಹಗಲಿನಲ್ಲಿ ವಾತಾವರಣದ ಮೇಲುಭಾಗದ ಅಯಾನುಗೋಳದ ಕೆಳ ಪದರ ಮಧ್ಯಮ ತರಂಗಗಳನ್ನು ಹೀರಿಕೊಂಡುಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತೆರೆಗಳು ಇನ್ನೂ ಮೇಲಿನ ಪದರಗಳಿಗೆ ತಾಗಿ ಚೆಂಡಿನಂತೆ ಪುಟಿದು, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲು ಒಂದೆರಡು ಕೇಂದ್ರ ಹಿಡಿಯುವ ರೇಡಿಯೋ ರಾತ್ರಿ ಹತ್ತಾರು ಭಾಷೆ ಮಾತಾಡುವುದು ಇದರಿಂದಲೇ.

ಇನ್ನು ಎಫ್.ಎಂ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಿದು. ಇಲ್ಲಿ ತೆರೆಯ ಎತ್ತರ ಬದಲಾಗದು, ಅದರ ಆವೃತ್ತಿ ಬದಲಾಗುತ್ತದೆ. ಸಿಡಿಲಿನಿಂದ ಎತ್ತರ ಕೆಟ್ಟರೂ ಪೆಟ್ಟಿಗೆ ಅದನ್ನು ಕತ್ತರಿಸಿ ಎಸೆಯುತ್ತದೆ. ಹಾಗಾಗಿ ದನಿ ತಿಳಿಯಾಗಿರುತ್ತದೆ. ವಿಜಯಪುರ ಆಕಾಶವಾಣಿಯ ಎಫ್.ಎಂ. ಸಂಖ್ಯೆ 101.8 ಮೆಗಾಹರ್ಟ್ಸ್. ಇದರ ತೆರೆಯ ಉದ್ದ ಮೂರು ಮೀಟರಿಗಿಂತ ಕಡಿಮೆ. ಇಂಥ ಗಿಡ್ಡ ತೆರೆ ನೆಲದ ಜೊತೆ ಬಾಗುವುದಿಲ್ಲ, ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗುತ್ತದೆ.

ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ಸರಳ ಸೂತ್ರವಿದೆ. ಕಂಬದ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕಂಬ 100 ಮೀಟರ್ ಎಂದುಕೊಂಡರೆ 41 ಕಿಲೋಮೀಟರ್. ಕೇಳುವವರ ಆಂಟೆನಾ ಮಾಳಿಗೆಯ ಮೇಲೆ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಇನ್ನು ಎಂಟು ಸೇರಿಸಿ. ಒಟ್ಟು ಐವತ್ತರ ಹತ್ತಿರ. ಈಗ ಮತ್ತೆ ಭೂಪಟ ನೋಡಿ. ವಿಜಯಪುರದಿಂದ ನೇರ ಗೆರೆಯಲ್ಲಿ ಬಸವನ ಬಾಗೇವಾಡಿ ಸುಮಾರು 40 ಕಿಲೋಮೀಟರ್, ಇಂಡಿ 50ರ ಒಳಗೆ, ಸಿಂದಗಿ 55ರ ಆಸುಪಾಸು, ಮುದ್ದೇಬಿಹಾಳ 70. ಮೊದಲಿನ ಎರಡು ಊರು ಗೆರೆಯ ಒಳಗೆ, ಸಿಂದಗಿ ಅಂಚಿನಲ್ಲಿ, ಮುದ್ದೇಬಿಹಾಳ ಹೊರಗೆ. ಇದು ಕಂಬದ ಎತ್ತರವನ್ನು ಊಹಿಸಿಕೊಂಡು ಮಾಡಿದ ಲೆಕ್ಕ. ಕ್ಷಿತಿಜದಾಚೆಗೂ ತೆರೆ ಸ್ವಲ್ಪ ದೂರ ಕ್ಷೀಣವಾಗಿ ಸಾಗುತ್ತದೆ. ನೆಲದ ಏರಿಳಿತ, ಟ್ರಾನ್ಸ್‌ಮಿಟರಿನ ಶಕ್ತಿ ಸೇರಿದರೆ ಲೆಕ್ಕ ತುಸು ಅತ್ತಿತ್ತ ಆಗುತ್ತದೆ. ಆದರೆ ತಾತ್ಪರ್ಯ ಬದಲಾಗದು. ಧಾರವಾಡದ ಒಂದೇ ಕಂಬ ನಾಲ್ಕೂ ತಾಲೂಕಿಗೆ ಮಾಡುತ್ತಿದ್ದ ಕೆಲಸಕ್ಕೆ ಎಫ್.ಎಂ.ನಲ್ಲಿ ಹಲವು ಕಂಬ ಬೇಕು.

ಹಾಗಿದ್ದೂ ಎ.ಎಂ. ಏಕೆ ಹಿಂದೆ ಸರಿಯುತ್ತಿದೆ? ಮೊದಲನೆಯ ಕಾರಣ ಮುತ್ಯಾ ಹೇಳಿದ್ದೇ. ಮನೆಮನೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಹೆಚ್ಚಿದಷ್ಟೂ ಗೊರಗೊರ ಹೆಚ್ಚಿತು. ಎರಡನೆಯದು ವಿದ್ಯುತ್ ಖರ್ಚು. ಎ.ಎಂ. ಟ್ರಾನ್ಸ್‌ಮಿಟರಿನ ಶಕ್ತಿಯಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಬರೀ ವಾಹಕ ತರಂಗಕ್ಕೇ ಹೋಗುತ್ತದೆ, ದನಿಯ ಪಾಲು ಹೆಚ್ಚೆಂದರೆ ಒಂದು. ಚೀಲ ಜೋಳ ಸಾಗಿಸಲು ಲಾರಿ ಕಟ್ಟಿದ ಹಾಗೆ. ಮೂರನೆಯದು, ಮೊಬೈಲ್‌ಗಳಲ್ಲಿ ಮಧ್ಯಮ ತರಂಗ ಬರುವುದಿಲ್ಲ, ಅಂಗಡಿಗಳಲ್ಲಿ ಎ.ಎಂ. ಪೆಟ್ಟಿಗೆ ಅಪರೂಪವಾಗಿದೆ. ಜರ್ಮನಿಯ ರಾಷ್ಟ್ರೀಯ ಬಾನುಲಿ ತನ್ನ ಮಧ್ಯಮ ತರಂಗ ಪ್ರಸಾರವನ್ನು 2015ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ನಾರ್ವೆ ದೇಶವಂತೂ 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್.ಎಂ. ಕೂಡ ಮುಚ್ಚಿ ಡಿಜಿಟಲ್‌ಗೆ ದಾಟಿತು. ನಮ್ಮ ಆಕಾಶವಾಣಿಯೂ ದೇಶದ ಹಲವೆಡೆ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿದೆ.

ಡಿಜಿಟಲ್ ಎಂದರೇನು? ಒಂದು ಚಿತ್ರವನ್ನು ಗೆಳೆಯನಿಗೆ ತಲುಪಿಸಬೇಕೆಂದು ಭಾವಿಸಿ. ತೆಳು ಕಾಗದವಿಟ್ಟು ನಕಲು ಮಾಡಿ ಕಳಿಸಿದರೆ ದಾರಿಯಲ್ಲಿ ಬಿದ್ದ ಕಲೆಯೂ ಚಿತ್ರದೊಂದಿಗೆ ಸೇರುತ್ತದೆ. ಅದರ ಬದಲು ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದು, ಬಿಂದುಗಳ ಅಂಕೆಗಳನ್ನಷ್ಟೇ ಕಳಿಸಿದರೆ? ಕಾಗದಕ್ಕೆ ಎಷ್ಟೇ ಕಲೆ ಬೀಳಲಿ, ಅಂಕೆ ಓದಲು ಬಂದರೆ ಸಾಕು, ಗೆಳೆಯ ಸ್ವಚ್ಛ ಚಿತ್ರ ಬರೆಯುತ್ತಾನೆ. ಡಿಜಿಟಲ್ ರೇಡಿಯೋ ಹೀಗೆ ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕೆ ಮಾಡಿ ಕಳಿಸುತ್ತದೆ. ಜೊತೆಗೆ ತಾಳೆ ನೋಡಲು ಕೆಲವು ಹೆಚ್ಚುವರಿ ಅಂಕೆ ಇರುತ್ತವೆ.

ಮಧ್ಯಮ ತರಂಗಕ್ಕೆ ಒಗ್ಗುವ ಡಿಜಿಟಲ್ ಪದ್ಧತಿಗೆ ಡಿಜಿಟಲ್ ರೇಡಿಯೋ ಮೊಂಡಿಯಾಲ್, ಚಿಕ್ಕದಾಗಿ ಡಿ.ಆರ್.ಎಂ. ಎಂದು ಹೆಸರು. 1998ರಲ್ಲಿ ಹಲವು ದೇಶಗಳ ಪ್ರಸಾರ ಸಂಸ್ಥೆಗಳು ಕೂಡಿ ಇದನ್ನು ರೂಪಿಸಲು ತೊಡಗಿದವು. ಇದರಲ್ಲಿ ಒಂದೇ ವಾಹಕದ ಬದಲು ಸುಮಾರು 200 ಸಣ್ಣ ವಾಹಕಗಳು ಭಾರ ಹಂಚಿಕೊಳ್ಳುತ್ತವೆ. ಹತ್ತಾರು ಜನ ಎಡವಿದರೂ ಉಳಿದವರು ಬುತ್ತಿ ಮುಟ್ಟಿಸುತ್ತಾರೆ. ದನಿ ಎಫ್.ಎಂ.ಗೆ ಹತ್ತಿರ, ಓಟ ಮಧ್ಯಮ ತರಂಗದ್ದು, ವಿದ್ಯುತ್ ಖರ್ಚು ಕಡಿಮೆ. 2010ರ ದಶಕದಲ್ಲಿ ಆಕಾಶವಾಣಿ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಟ್ರಾನ್ಸ್‌ಮಿಟರ್‌ಗಳಿಗೆ ಈ ಸೌಲಭ್ಯ ಒದಗಿಸಿತು. ಬೆಂಗಳೂರು ಮತ್ತು ಧಾರವಾಡದ 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್‌ಗಳು ಆ ಪಟ್ಟಿಯಲ್ಲಿವೆ. ಅಂದರೆ ಇಂಡಿಯ ಎರೆನೆಲದ ಮೇಲೆ ಡಿಜಿಟಲ್ ದನಿ ಹರಿಯುವುದಕ್ಕೆ ವಿಜ್ಞಾನದ ಅಡ್ಡಿ ಏನೂ ಇಲ್ಲ.

ಅಡ್ಡಿ ಇರುವುದು ಕೇಳುವವರ ಕಡೆ. ಮುತ್ಯಾನ ಪೆಟ್ಟಿಗೆ ಅಂಕೆ ಓದಲಾರದು. ಡಿಜಿಟಲ್ ಪ್ರಸಾರ ಅದಕ್ಕೆ ಬರೀ ‘ಸುಂಯ್’ ಸದ್ದು. ಹೊಸ ಪೆಟ್ಟಿಗೆಯೊಳಗೆ ಸಣ್ಣದೊಂದು ಕಂಪ್ಯೂಟರ್ ಇರಬೇಕಾದ್ದರಿಂದ ಬೆಲೆ ಹೆಚ್ಚು, ಹಳ್ಳಿಯ ಸಂತೆಯಲ್ಲಿ ಅದು ಸಿಗುವುದೂ ಇಲ್ಲ. ಡಿ.ಆರ್.ಎಂ. ರೇಡಿಯೋ ಭಾರತದಲ್ಲಿ ಲಕ್ಷಗಟ್ಟಲೆ ಬಂದಿರುವುದು ಕಾರುಗಳಲ್ಲಿ. ಖಾಸಗಿ ಡಿಜಿಟಲ್ ರೇಡಿಯೋ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2025ರಲ್ಲಿ ಮಾಡಿದ ಶಿಫಾರಸು ಕೂಡ ಮೊದಲು 13 ದೊಡ್ಡ ನಗರಗಳಿಗೆ. ಇನ್ನೊಂದು ಗುಣವೂ ಇದೆ. ಎ.ಎಂ. ದೂರ ಹೋದಂತೆ ಮೆಲ್ಲಗೆ ಮಸುಕಾಗುತ್ತದೆ, ಗೊರಗೊರದ ನಡುವೆಯೂ ನಾಲ್ಕು ಮಾತು ತಿಳಿಯುತ್ತವೆ. ಡಿಜಿಟಲ್ ಹಾಗಲ್ಲ. ಅಂಕೆಗಳು ಓದಲು ಬರುವತನಕ ಸ್ಪಷ್ಟ, ಆಮೇಲೆ ಒಮ್ಮೆಲೇ ಮೌನ.

ಈ ಮೌನ ಸಣ್ಣ ವಿಷಯವಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಮತ್ತು ಆಲಮಟ್ಟಿ ಜಲಾಶಯ, ನಡುವೆ ಡೋಣಿ. “ಡೋಣಿ ಹರಿದರೆ ಓಣಿಯೆಲ್ಲಾ ಕಾಳು” ಎಂದು ಹಿರಿಯರು ಹೇಳಿದರೂ ಹೊಳೆ ಎಲ್ಲ ಸಲ ಕಾಳನ್ನೇ ತರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ರಾತ್ರಿ ಕರೆಂಟು ಹೋಗುತ್ತದೆ, ಹೊತ್ತು ಕಳೆದಂತೆ ಮೊಬೈಲ್ ಗೋಪುರದ ಬ್ಯಾಟರಿಯೂ ಇಳಿಯುತ್ತದೆ. ಆಗ ನೂರೈವತ್ತು ಕಿಲೋಮೀಟರ್ ದೂರದ, ನೆರೆ ಮುಟ್ಟದ ಊರಿನ ಕಂಬದಿಂದ ಬರುವ ದನಿಗೆ ಬೇಕಾದದ್ದು ಎರಡು ಸೆಲ್ಲು ಮಾತ್ರ. ಒಬ್ಬರು ಕೇಳಿದರೂ ಲಕ್ಷ ಜನ ಕೇಳಿದರೂ ಕಂಬಕ್ಕೆ ಭಾರ ಒಂದೇ. ಡಿ.ಆರ್.ಎಂ.ನಲ್ಲಿ ಇದಕ್ಕಿಂತ ಮುಂದಿನ ಅನುಕೂಲವೂ ಇದೆ: ಸೌಲಭ್ಯವಿರುವ ಪೆಟ್ಟಿಗೆಗಳು ಅಪಾಯದ ಸಂಕೇತ ಬಂದೊಡನೆ ತಾವಾಗಿ ಎಚ್ಚರಿಕೆಯ ಪ್ರಸಾರಕ್ಕೆ ಹೊರಳಬಲ್ಲವು. ಆದರೆ ಆ ಪೆಟ್ಟಿಗೆ ದಂಡೆಯ ಗುಡಿಸಲಲ್ಲಿ ಇರಬೇಕಲ್ಲ! ಅದು ಮನೆ ಸೇರುವ ಮೊದಲೇ ಹಳೆಯ ದನಿ ನಿಂತರೆ ನಡುವಿನ ವರ್ಷಗಳಲ್ಲಿ ನಷ್ಟವಾಗುವುದು ಬಡವರಿಗೆ. ಹಳತು ಹೊಸತು ಕೆಲಕಾಲ ಜೊತೆಯಾಗಿ ನಡೆಯಬೇಕು, ಪೆಟ್ಟಿಗೆಯ ಬೆಲೆ ಕೂಲಿಕಾರನ ಕೈಗೆಟುಕಬೇಕು ಎನ್ನುವುದು ಅದಕ್ಕಾಗಿ.

ಪಾಲಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಹಳೆಯ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮೊದಲು ಮಕ್ಕಳ ಕೈಗೆ ಕೊಡಿ. ವಿದ್ಯಾರ್ಥಿಗಳು ಒಂದು ವಾರ ಹೀಗೆ ಮಾಡಬಹುದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮುಳ್ಳು ತಿರುಗಿಸಿ, ಯಾವ ಸಂಖ್ಯೆಯಲ್ಲಿ ಯಾವ ಕೇಂದ್ರ ಎಷ್ಟು ಸ್ಪಷ್ಟ ಕೇಳಿತೆಂದು ಪಟ್ಟಿ ಬರೆಯಿರಿ. ಪೆಟ್ಟಿಗೆಯನ್ನು ಸುತ್ತಲೂ ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿ ಕೇಂದ್ರದ ದಿಕ್ಕಿಗೆ ಅಡ್ಡವಾಗಿದ್ದಾಗ ದನಿ ಜೋರು, ಅದರ ಕಡೆ ತುದಿ ಮಾಡಿದಾಗ ಕ್ಷೀಣ. ದೀಪ, ಚಾರ್ಜರ್ ಹಚ್ಚಿ ಆರಿಸಿ ವ್ಯತ್ಯಾಸ ಬರೆದಿಡಿ. ಗುಡುಗು ಕೇಳುವಷ್ಟು ಸಿಡಿಲು ಹತ್ತಿರವಿದ್ದರೆ ಮಾತ್ರ ಹೊರಗೆ ನಿಲ್ಲಬೇಡಿ. ನಾಲ್ಕೂ ತಾಲೂಕಿನ ಶಾಲೆಗಳ ಪಟ್ಟಿಗಳನ್ನು ಒಂದು ಭೂಪಟದ ಮೇಲೆ ಗುರುತಿಸಿದರೆ ಯಾವ ಹಳ್ಳಿಗೆ ಯಾವ ದನಿ ಮುಟ್ಟುತ್ತದೆ, ಯಾವ ಹಳ್ಳಿಗೆ ಯಾವುದೂ ಮುಟ್ಟುವುದಿಲ್ಲ ಎಂಬುದು ತಾನಾಗಿ ಕಾಣುತ್ತದೆ. ವಿಜ್ಞಾನ ಪ್ರದರ್ಶನದಲ್ಲಿ ಇಡುವುದಕ್ಕೂ, ಗ್ರಾಮಸಭೆಯಲ್ಲಿ ತೋರಿಸುವುದಕ್ಕೂ ಅದು ಬಂದೀತು.