ತಲಾಖಿನ ಕಥೆಗಳು: ನಾಲ್ಕು ದಶಕಗಳ ನಂತರ

1993ರಲ್ಲಿ ಮೊರೊಕ್ಕೊದ ನಿರ್ದೇಶಕ ಮೊಹಮ್ಮದ್ ಅಬ್ದುರ್ರಹಮಾನ್ ತಾಝಿ ಒಂದು ಹಾಸ್ಯಚಿತ್ರ ಮಾಡಿದರು: 'ನನ್ನ ಹೆಂಡತಿಯ ಗಂಡನ ಹುಡುಕಾಟದಲ್ಲಿ'. ಮೂವರು ಹೆಂಡಿರಿರುವ ಫೆಜ್ ನಗರದ ಚಿನ್ನದ ವ್ಯಾಪಾರಿ, ಸಿಟ್ಟಿನ ಭರದಲ್ಲಿ ಕಿರಿಯವಳಿಗೆ ಮೂರನೇ ಸಲ ತಲಾಖ್ ಹೇಳಿಬಿಡುತ್ತಾನೆ. ಅವಳು ಮತ್ತೆ ಬೇಕೆಂದರೆ, ಅವಳು ಬೇರೊಬ್ಬನನ್ನು ಮದುವೆಯಾಗಿ ಅವನಿಂದಲೂ ತಲಾಖ್ ಪಡೆಯಬೇಕು. ಗಂಡನೇ ಹೆಂಡತಿಗೆ ಗಂಡು ಹುಡುಕಲು ಹೊರಡುತ್ತಾನೆ. ಮೊರೊಕ್ಕೊದ ಜನ ಮುಗಿಬಿದ್ದು ನೋಡಿದರು, ನಕ್ಕರು.

ಅದೇ ಕಟ್ಟಳೆ ಅದಕ್ಕೂ ಮೊದಲೇ ಕನ್ನಡದಲ್ಲಿ ಕಥೆಯಾಗಿತ್ತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಅಪ್ಪನ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಗಂಡ ರಶೀದನ ಬಳಿಗೆ ಮರಳಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕು. ಅದಕ್ಕೆ ಮನಸ್ಸೊಪ್ಪದ ಹುಡುಗಿ ನೀರಿನ ಪಾಲಾಗುತ್ತಾಳೆ. ಅಲ್ಲಿ ಪೇಚಿಗೆ ಸಿಕ್ಕವನು ಗಂಡ. ಇಲ್ಲಿ ಜೀವ ತೆತ್ತವಳು ಹೆಂಡತಿ.

ಆಮೇಲಿನ ದಾರಿ ನಮ್ಮ ಹಾಸನದ ಮೂಲಕವೇ ಸಾಗಿತು. ಇಲ್ಲಿನವರೇ ಆದ ವಕೀಲೆ ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರವಾಗಿಸಿದರು. ಗಂಡು ಮಗುವಾಗಲಿಲ್ಲವೆಂದು ಬಿಟ್ಟುಹೋದ ಆಟೋ ಚಾಲಕನ ಹೆಂಡತಿ, ನ್ಯಾಯ ಬೇಕೆಂದು ಮಸೀದಿಯ ಮುಂದೆ ಮಕ್ಕಳ ಸಮೇತ ಕೂರುತ್ತಾಳೆ. ಆ ಪಾತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಸಂದಿತು.

ಕಾನೂನೂ ಸುಮ್ಮನೆ ಕೂರಲಿಲ್ಲ. ಮೊರೊಕ್ಕೊ 2004ರಲ್ಲಿ ತಲಾಖನ್ನು ನ್ಯಾಯಾಲಯದ ಉಸ್ತುವಾರಿಗೆ ತಂದಿತು. ಒಂದೇ ಉಸಿರಿನ ಮೂರು ತಲಾಖನ್ನು ನಮ್ಮ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ಅಸಿಂಧುಗೊಳಿಸಿತು. 2019ರ ಕಾಯ್ದೆ ಅದನ್ನು ಅಪರಾಧವಾಗಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆ ಸಿಆರ್‌ಪಿಸಿ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಅದೇ ಕೋರ್ಟಿನ 2024ರ ಜುಲೈ ತೀರ್ಪು ಸ್ಪಷ್ಟಪಡಿಸಿತು.

ಇಷ್ಟಾದರೂ ಲೆಕ್ಕ ಚುಕ್ತಾ ಆಗಿಲ್ಲ. ಗಂಡ ಜೈಲಿಗೆ ಹೋದರೆ ಮನೆಗೆ ಅಕ್ಕಿ ಬರುವುದಿಲ್ಲ. ಕೈಬಿಟ್ಟು ಹೋಗುವ ಗಂಡಸು ಎಲ್ಲ ಜಾತಿ, ಧರ್ಮಗಳಲ್ಲೂ ಇದ್ದಾನೆ. ಅವನಿಗೆ ತಲಾಖ್ ಎಂಬ ಮಾತೂ ಬೇಕಿಲ್ಲ. ಆಲೂರು ತಾಲ್ಲೂಕಿನ ಕುಂದೂರಿನಂಥ ಊರಲ್ಲಿ ಕಾಫಿ ತೋಟದ ಕೂಲಿಯನ್ನು ನಂಬಿದ ಹೆಣ್ಣುಮಗಳು ಜೀವನಾಂಶದ ಕೇಸಿಗೆ ಹಾಸನಕ್ಕೆ ಹೋದರೆ ಅಂದಿನ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. 'ಮುಂದಿನ ತಾರೀಕು' ಎಂದರೆ ಇನ್ನೊಂದು ದಿನದ ಕೂಲಿಗೂ ಕುತ್ತು.

ನಮ್ಮ ಲೇಖಕಿಯರು ಹೆಣ್ಣಿನ ಸಂಕಟವನ್ನು ಜಗತ್ತಿನ ಮುಂದಿಟ್ಟರು. ತಪ್ಪು ಮಾಡಿದ ಗಂಡಸನ್ನು ನಗೆಪಾಟಲಿಗೆ ಈಡುಮಾಡುವ ಕೆಲಸ ಮಾತ್ರ ಬಾಕಿಯಿದೆ. ನಮ್ಮ ಸಿನಿಮಾದ ಹಾಸ್ಯ ಇಂದಿಗೂ ಬಹುಮಟ್ಟಿಗೆ ಹೆಂಡತಿಯ ಮೇಲೆಯೇ. ತಾಝಿ ಆ ಬಾಣವನ್ನು ಗಂಡನತ್ತ ತಿರುಗಿಸಿ ತೋರಿಸಿದ್ದಾರೆ. ಕನ್ನಡದ ಕಥೆಗಾರರು, ನಿರ್ದೇಶಕರು ಆ ಧೈರ್ಯ ಮಾಡಲಿ. ನ್ಯಾಯಾಲಯಗಳು ಜೀವನಾಂಶದ ಅರ್ಜಿಗಳನ್ನು ತಿಂಗಳುಗಳಲ್ಲೇ ಮುಗಿಸಲಿ, ಆದೇಶವಾದ ಹಣ ಅವಳ ಕೈಸೇರುವಂತೆ ಸರ್ಕಾರ ನೋಡಿಕೊಳ್ಳಲಿ.